ಬೈಕ್ ಪ್ರಶ್ನೋತ್ತರ: ಅಪ್ಪನ ಯೆಜ್ಡಿ ಮಾರಲೇ?

ಪ್ರಶ್ನೆ: ಸರ್, ಅಪ್ಪ 1984ರಲ್ಲಿ ತಗೊಂಡ ಯೆಜ್ಡಿ ರೋಡ್‌ಕಿಂಗ್ ಈಗಲೂ ಚೆನ್ನಾಗಿ ಓಡುತ್ತದೆ. ನನಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿದೆ, ದಿನಾ ಬೈಕಲ್ಲೇ ಹೋಗಿಬರಬೇಕು. ಇದನ್ನು ಮಾರಿ ಹೊಸ ಯೆಜ್ಡಿ ರೋಡ್‌ಸ್ಟರ್ ತಗೊಳ್ಳಲೇ? ಹಳೆಯದರ ಪಿಕಪ್ ಹೊಸದಕ್ಕೆ ಬರಲ್ಲ ಅಂತ ಗೆಳೆಯರು ಹೇಳುತ್ತಾರೆ. ನಿಜವೇ?
– ಓದುಗರು, ಹುಣಸೂರು

ಉತ್ತರ: ಪಿಕಪ್ ವಿಷಯ ಮೊದಲು ಮುಗಿಸೋಣ. ನಿಮ್ಮ ಗೆಳೆಯರು ಹೇಳುವುದು ನಿಜವಲ್ಲ. ರೋಡ್‌ಕಿಂಗ್ 250 ಸಿಸಿ ಬೈಕು, 16 ಎಚ್‌ಪಿ, ತೂಕ ಸುಮಾರು 140 ಕೆಜಿ. 2022ರಲ್ಲಿ ಬಂದ ರೋಡ್‌ಸ್ಟರ್ 334 ಸಿಸಿ, ಸುಮಾರು 29 ಎಚ್‌ಪಿ, ತೂಕ 180 ಕೆಜಿ ದಾಟುತ್ತದೆ. ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿದರೂ ಹೊಸದೇ ಮುಂದೆ. ಹಾಗಾದರೆ ಹಳೆಯದೇ ಜೋರು ಅನ್ನಿಸುವುದೇಕೆ? ರೋಡ್‌ಕಿಂಗ್‌ನದು ಟೂ ಸ್ಟ್ರೋಕ್ ಇಂಜಿನ್, ಅದರಲ್ಲಿ ಇಂಜಿನ್ ತಿರುಗುವ ಪ್ರತಿ ಸುತ್ತಿಗೂ ಪೆಟ್ರೋಲ್ ಉರಿಯುತ್ತದೆ; ಹೊಸದರ ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಮ್ಮೆ. ಜೊತೆಗೆ ಆ ಜೋಡಿ ಸೈಲೆನ್ಸರ್ ಸದ್ದು ಬೇರೆ. ಅರ್ಧ ಪಿಕಪ್ ಕಿವಿಯಲ್ಲೇ ಇರುತ್ತದೆ ಬಿಡಿ.

ನನಗೆ ಭಯ ಬ್ರೇಕಿನದು. ರೋಡ್‌ಕಿಂಗ್‌ಗೆ ಹಿಂದೆ ಮುಂದೆ ಎರಡೂ ಡ್ರಮ್. ಟೂ ಸ್ಟ್ರೋಕ್ ಆದ್ದರಿಂದ ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಗಾಡಿಯ ವೇಗವನ್ನು ಅಷ್ಟಾಗಿ ತಗ್ಗಿಸುವುದಿಲ್ಲ. ಮಳೆಗಾಲದಲ್ಲಿ ಮುಂದಿನ ಬಸ್ಸು ಗಕ್ಕನೆ ನಿಂತರೆ ಏನು ಮಾಡುತ್ತೀರಿ? 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ (ಗಕ್ಕನೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ದಿನಾ ಹೆದ್ದಾರಿಗೆ ಇಳಿಯುವವರು ಹೊಸ ಬೈಕಿಗೆ ದುಡ್ಡು ಕೊಡಲು ನನ್ನ ಪ್ರಕಾರ ಇದೊಂದೇ ಕಾರಣ ಸಾಕು. ಬಣ್ಣ, ಸ್ಟಿಕರ್, ಬ್ಲೂಟೂತ್ ಎಲ್ಲ ಸುಮ್ನೆ.

ಪೆಟ್ರೋಲ್ ಇನ್ನೊಂದು ತಲೆನೋವು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೆಯ ರಬ್ಬರ್ ಪೈಪು, ವಾಷರ್‌ಗಳನ್ನು ಕೆಡಿಸುತ್ತದೆ. ಪೈಪು ಬದಲಿಸಿ. ವಾರಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಖಾಲಿ ಮಾಡಿಡಿ.

ಆದರೆ ಹೊಸದು ಯೆಜ್ಡಿಯೇ ಆಗಬೇಕಾ? ನಿಮ್ಮ ಅಪ್ಪನ ಗಾಡಿ ತಯಾರಾದದ್ದು ಮೈಸೂರಿನ ಐಡಿಯಲ್ ಜಾವಾದಲ್ಲಿ. ಅದು 1996ರಲ್ಲಿ ನಿಂತುಹೋಯಿತು. ಈಗಿನದು ಮಧ್ಯಪ್ರದೇಶದ ಪೀಥಂಪುರದಿಂದ ಬರುತ್ತದೆ. ಕಿಕ್ಕರ್ ಅನ್ನೇ ಮುಂದಕ್ಕೆ ಮಡಚಿ ಗೇರ್ ಹಾಕುವ ಆ ಮಜಾ ಇದರಲ್ಲಿಲ್ಲ. ಓಡಿಸಿ ನೋಡಿ, ಇಷ್ಟವಾದರೆ ತಗೊಳ್ಳಿ. ಹೆಸರು ನೋಡಿ ಬೇಡ. ಬರೀ ಓಡಾಟಕ್ಕಾದರೆ ಎಬಿಎಸ್ ಇರುವ 150–160 ಸಿಸಿ ಬೈಕು ಸಾಕು. ಮೈಲೇಜೂ ಜಾಸ್ತಿ.

ಹಳೆಯದನ್ನು ಮಾರಬೇಡಿ. ಯೆಜ್ಡಿ ಬಲ್ಲ ಮೆಕ್ಯಾನಿಕ್‌ಗಳು ಮೈಸೂರಿನಲ್ಲಿ ಇನ್ನೂ ಇದ್ದಾರೆ, ಭಾನುವಾರಕ್ಕೆ ಇಟ್ಟುಕೊಳ್ಳಿ. ಆರ್‌ಸಿ ಮಾತ್ರ ಇವತ್ತೇ ತೆಗೆದು ನೋಡಿ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಆಗಿಲ್ಲದಿದ್ದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ, ಶೋರೂಮಿಗೆ ಆಮೇಲೆ.