ಸೌದೆ ಬಾಯ್ಲರ್: ಮೊದಲು ಒಲೆಯ ಬಾಯಿ ಎಲ್ಲಿ ಅಂತ ನೋಡಿ

ಪ್ರಶ್ನೆ: ತಿಪಟೂರಿನ ಹತ್ತಿರ ತೋಟದಲ್ಲೇ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಮನೆಯಲ್ಲಿ ಆರು ಜನ. ಸ್ನಾನಕ್ಕೆ ಸೌದೆ ಒಲೆಯ ನೀರೇ ಬೇಕು ಅಂತ ಅಮ್ಮನ ಹಟ. ತೆಂಗಿನ ಮಟ್ಟೆ, ಕರಟಕ್ಕೆ ಕೊರತೆ ಇಲ್ಲ. ಹಳೇ ಹಂಡೆಯನ್ನೇ ಕೂರಿಸೋದಾ, ಬಾಯ್ಲರ್ ತರೋದಾ? ತಾಮ್ರದ್ದಾ, ಸ್ಟೀಲಿನದಾ?

ಉತ್ತರ: ತಾಮ್ರ, ಸ್ಟೀಲಿನ ಮಾತು ಆಮೇಲೆ. ಗೋಡೆ ಏಳುವ ಮುಂಚೆ ಮೇಸ್ತ್ರಿಗೆ ಒಂದು ಮಾತು ಹೇಳಿ: ಒಲೆ ಬಚ್ಚಲಿನ ಹೊರಗಿರಲಿ, ನಲ್ಲಿ ಮಾತ್ರ ಒಳಗೆ ಬರಲಿ. ದಿನಾ ಬೆಳಿಗ್ಗೆ ಒಲೆ ಊದಿ ಹೊಗೆ ಕುಡಿಯುವವರು ಅಮ್ಮನೇ ಅಲ್ವಾ? ಒಲೆಗೆ ಮೇಲೊಂದು ಶೀಟು ಇಳಿಸಿದರೆ ಮಳೆಗಾಲದಲ್ಲೂ ತೊಂದರೆ ಇರದು.

ಈಗ ಹಂಡೆ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ತರಲು ಬೇಕಾದ ಶಾಖ ಅರ್ಧ ಕೆಜಿಗಿಂತ ಚೂರು ಜಾಸ್ತಿ ಒಣ ಸೌದೆಯಲ್ಲೇ ಇದೆ. ಆದರೆ ನಾವು ಸುಡುವುದು ಅದರ ಎಷ್ಟೋ ಪಟ್ಟು. ಹಂಡೆಗೆ ಬೆಂಕಿ ತಗಲುವುದು ತಳಕ್ಕೆ ಮಾತ್ರ, ಮಿಕ್ಕ ಕಾವೆಲ್ಲ ಸುಮ್ನೆ ಗಾಳಿಗೆ ಹೋಗುತ್ತದೆ. ಬಾಯ್ಲರಿನಲ್ಲಿ ಹೊಗೆಯ ಕೊಳವೆ ನೀರಿನ ನಡುವೆಯೇ ಹಾದು ಮೇಲೇರುತ್ತದೆ. ಆ ಬಿಸಿ ಹೊಗೆಯೂ ನೀರು ಕಾಯಿಸುತ್ತದೆ. ಹಾಗಾಗಿ ಆರು ಜನಕ್ಕೆ ಬಾಯ್ಲರೇ ಸರಿ.

ನಿಮ್ಮ ಜಿಲ್ಲೆಯಲ್ಲೇ, ಕುಣಿಗಲ್ ತಾಲೂಕಿನ ಉಂಗ್ರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನ ರೂಪಿಸುತ್ತಿದ್ದ ‘ಅಸ್ತ್ರ’ ತಂಡದವರು ಹಳ್ಳಿ ಜನರ ಜೊತೆ ಕೆಲಸ ಮಾಡಿದ್ದರು. ಅವರ ಅಸ್ತ್ರ ಒಲೆಯಲ್ಲಿ ಸೌದೆ ಕೆಳಗೆ ಜಾಲರಿ, ಹೊಗೆಗೆ ಕೊಳವೆ ಇರುತ್ತದೆ. ಬಾಯ್ಲರ್ ಕೊಳ್ಳುವಾಗಲೂ ಬಗ್ಗಿ ಇವೆರಡನ್ನು ನೋಡಿ. ಜಾಲರಿ ಇಲ್ಲದಿದ್ದರೆ ಬೂದಿ ಕಟ್ಟಿಕೊಂಡು ಬೆಂಕಿಗೆ ಗಾಳಿ ಸಿಗುವುದಿಲ್ಲ. ಹೊಗೆ ಕೊಳವೆ ಆದಷ್ಟು ನೇರವಾಗಿ ಹೋಗಿ ಮಾಳಿಗೆಗಿಂತ ಎತ್ತರಕ್ಕೆ ನಿಲ್ಲಬೇಕು. ಬಾಗಿದ ಕಡೆಯೆಲ್ಲ ಮಸಿ ಕೂರುತ್ತದೆ.

ತಾಮ್ರ ಬೇಗ ಕಾಯುತ್ತದೆ, ಬೆಲೆ ಜಾಸ್ತಿ. ಸ್ಟೀಲು ಕೊಂಡರೂ ನಷ್ಟವಿಲ್ಲ. ಯಾವುದೇ ಆದರೂ ನೀರಿಲ್ಲದೆ ಬೆಂಕಿ ಹಾಕಬೇಡಿ, ಬೆಸುಗೆ ಬಿಟ್ಟುಕೊಳ್ಳುತ್ತದೆ. ಆವಿ ಹೊರಹೋಗುವ ದಾರಿ ಯಾವಾಗಲೂ ತೆರೆದಿರಬೇಕು. ಬೋರ್‌ವೆಲ್ ನೀರು ಗಡಸಾದರೆ ಒಳಗೆ ಬಿಳಿ ಪದರ ಕಟ್ಟುತ್ತದೆ. ಆಗ ನೀರು ಕಾಯುವುದೂ ನಿಧಾನ. ಕೈ ಹಾಕಿ ತೊಳೆಯಲು ಬರುವ ಮುಚ್ಚಳ ಇರುವುದನ್ನೇ ಆರಿಸಿ.

ಇನ್ನು ಸೌದೆ. ಎರಡು ತುಂಡು ತಗೊಂಡು ಒಂದಕ್ಕೊಂದು ತಾಗಿಸಿ. ಟಣ್ ಅಂದರೆ ಒಣಗಿದೆ, ದಪ್ ಅಂದರೆ ಹಸಿ. ಹಸಿ ಸೌದೆಯ ಕಾವು ಮೊದಲು ತನ್ನೊಳಗಿನ ನೀರನ್ನೇ ಆವಿ ಮಾಡುವುದಕ್ಕೆ ಹೋಗುತ್ತದೆ. ಮಟ್ಟೆಯನ್ನು ಮಳೆಗಾಲಕ್ಕೆ ಮುಂಚೆಯೇ ಶೆಡ್ಡಿಗೆ ಸೇರಿಸಿ. ಕರಟ ಜೋರಾಗಿ ಉರಿಯುತ್ತದೆ, ಎರಡು ಮೂರು ಸಾಕು, ಒಂದೇ ಸಲಕ್ಕೆ ತುಂಬಬೇಡಿ.

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿ, ನಂದಿ ಬೆಟ್ಟದ ಕೆಳಗಿನ ಊರು ನಮ್ಮದು. ಮಾಗಿ ಚಳಿಗೆ ರಾತ್ರಿ ಮಗುವಿನ ಕೋಣೆಯಲ್ಲಿ ಬಾಂಡಲಿಗೆ ಕೆಂಡ ಹಾಕಿ ಇಡಬಹುದಾ?

ಉತ್ತರ: ದಯವಿಟ್ಟು ಬೇಡ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳದೇ ಹೋಗಬಹುದು. ಈಗಾಗಲೇ ಇಡುತ್ತಿದ್ದರೆ ಇವತ್ತೇ ನಿಲ್ಲಿಸಿ. ಮಗುವಿಗೆ ಟೋಪಿ, ಕಾಲುಚೀಲ ಹಾಕಿ, ನಿಮ್ಮ ಮಗ್ಗುಲಲ್ಲೇ ಬೆಚ್ಚಗೆ ಮಲಗಿಸಿಕೊಳ್ಳಿ.