ಸೈನಿಕರಿಗೆ ಯೂನಿಫಾರ್ಮ್ ಪುಕ್ಕಟೆ ಸಿಗುತ್ತದಲ್ಲ, ಮತ್ತೆ ಮನೆಯವರ ಗೊಣಗಾಟವೇಕೆ?

ನಿಮ್ಮನ್ನು ಮದುವೆಯಾಗುವ ಹುಡುಗ ಸೇನೆಯಲ್ಲಿ ನಾಯಕ್, ಮದುವೆಯ ನಂತರ ನೀವು ಪುಣೆಯ ಕ್ವಾರ್ಟರ್ಸಿಗೆ ಬರುವವರಿದ್ದೀರಿ. ಯೂನಿಫಾರ್ಮ್ ಸರ್ಕಾರವೇ ಕೊಡುತ್ತದೆ, ಮೇಲೆ ಭತ್ಯೆಯೂ ಇದೆ, ಆದರೂ ಅವರ ಜೊತೆಗಾರನ ಹೆಂಡತಿ ಅದರ ಖರ್ಚಿನ ಮಾತೆತ್ತಿ ಅರ್ಧ ಗಂಟೆ ಬೈದರು, ಏಕೆ ಎಂದು ಕೇಳಿದ್ದೀರಿ. ಆ ಅಕ್ಕನವರಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಗದಗ ಕಡೆಯವಳು, ನಮ್ಮ ಯಜಮಾನರು ಹವಾಲ್ದಾರ್, ಸದ್ಯ ಪುಣೆಯ ಖಡಕಿಯಲ್ಲಿದ್ದೇವೆ. ಈ ವಿಷಯಕ್ಕೆ ಅರ್ಧ ಗಂಟೆ ಸಾಲದು.

ಮೊದಲು ಭತ್ಯೆಯ ಮಾತು ಮುಗಿಸಿಬಿಡುತ್ತೇನೆ. ಏಳನೇ ವೇತನ ಆಯೋಗದ ನಂತರ, 2017ರ ಜುಲೈಯಿಂದ, ಬಟ್ಟೆ ಒಗೆಯಲು, ಬೂಟಿಗೆ, ಕಿಟ್ ನೋಡಿಕೊಳ್ಳಲು ಎಂದು ಬೇರೆ ಬೇರೆ ಇದ್ದ ಭತ್ಯೆಗಳನ್ನೆಲ್ಲ ಸೇರಿಸಿ ಒಂದೇ ಡ್ರೆಸ್ ಅಲೋವನ್ಸ್ ಮಾಡಿದರು. ಅಧಿಕಾರಿಗಳಿಗೆ ವರ್ಷಕ್ಕೆ 20,000 ರೂಪಾಯಿ, ಅವರಿಗಿಂತ ಕೆಳಗಿನವರಿಗೆ 10,000. ತುಟ್ಟಿಭತ್ಯೆ ಶೇ. 50 ಮುಟ್ಟಿದ್ದರಿಂದ 2024ರ ಜನವರಿಯಿಂದ ಅದು ಕಾಲು ಭಾಗ ಏರಿ 25,000 ಮತ್ತು 12,500 ಆಯಿತು. ಜುಲೈ ಸಂಬಳದ ಜೊತೆ ಒಂದೇ ಗಂಟಾಗಿ ಕೈಗೆ ಬರುವುದರಿಂದ ದೊಡ್ಡದಾಗಿ ಕಾಣುತ್ತದೆ. ತಿಂಗಳಿಗೆ ಹಂಚಿ ನೋಡಿ, ಸಾವಿರದ ಮೇಲೆ ನಲವತ್ತು ಚಿಲ್ಲರೆ. ಅದರಲ್ಲೇ ಬಟ್ಟೆ, ಹೊಲಿಗೆ, ಬೂಟು, ಪಾಲಿಶ್, ಸೋಪು, ಗಂಜಿ, ಇಸ್ತ್ರಿ ಎಲ್ಲ ಆಗಬೇಕು. ಇಲ್ಲಿನ ರಾಜ್ಯ ಪಠ್ಯಕ್ರಮದ ಶಾಲೆಗಳು ಜೂನ್‌ನಲ್ಲಿ ತೆರೆಯುತ್ತವೆ. ಹೀಗಾಗಿ ಅಪ್ಪನ ಯೂನಿಫಾರ್ಮಿಗೆಂದು ಜುಲೈನಲ್ಲಿ ಬಂದ ಹಣ ಮಕ್ಕಳ ಯೂನಿಫಾರ್ಮಿಗೆ ಮಾಡಿದ ಸಾಲಕ್ಕೆ ಜಮೆಯಾಗುವ ಮನೆಗಳು ನಮ್ಮ ಸಾಲಿನಲ್ಲೇ ಇವೆ.

ಆದರೂ ಮೊತ್ತ ಸಣ್ಣದು ಎಂಬುದು ನನ್ನ ಮುಖ್ಯ ತಕರಾರಲ್ಲ. ಬಟ್ಟೆ ಗಟ್ಟಿಯಾಗಿದ್ದರೆ ಆ ಹಣದಲ್ಲೇ ಹೇಗೋ ತೂಗಿಸಬಹುದು. ಬಟ್ಟೆಯೇ ಕೈ ಕೊಟ್ಟಾಗ ಒಂದೇ ಅಂಗಿಗೆ ಎರಡು ಸಲ ದುಡ್ಡು ತೆರುತ್ತೇವೆ, ಪರೇಡಿನಲ್ಲಿ ತಪಾಸಣೆ ಮಾಡುವವರು ಮಾತ್ರ ಒಂದು ನೂಲಿನಷ್ಟೂ ಸಡಿಲ ಬಿಡುವುದಿಲ್ಲ.

ಪುಕ್ಕಟೆ ಎಂಬ ಮಾತಿನಲ್ಲಿ ಪೂರ್ತಿ ಸುಳ್ಳಿಲ್ಲ. ಈಗಿನ ಡಿಜಿಟಲ್ ಚುಕ್ಕಿಯ ಕಾಂಬ್ಯಾಟ್ ಉಡುಪು 2022ರ ಜನವರಿ 15ರ ಸೇನಾ ದಿನದಂದು ಹೊರಬಂತು. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯವರು ವಿನ್ಯಾಸ ಮಾಡಿದ್ದು. ಬಟ್ಟೆಯಲ್ಲಿ ಹತ್ತಿ ಶೇ. 70, ಪಾಲಿಯೆಸ್ಟರ್ ಶೇ. 30. ಮೊದಲ 50,000 ಸೆಟ್‌ಗಳು ಸೇನಾ ಕ್ಯಾಂಟೀನುಗಳಿಗೆ ಸಾಮಾನು ಒದಗಿಸುವ ಸಿಎಸ್‌ಡಿಯ 15 ಡಿಪೋಗಳಿಗೆ ಬಂದವು, ಮುಂಬೈ ಮತ್ತು ನಮ್ಮ ಖಡಕಿ ಆ ಪಟ್ಟಿಯಲ್ಲಿದ್ದವು. ಸುಬೇದಾರರಂಥ ಜೆಸಿಓಗಳಿಗೂ ಜವಾನರಿಗೂ ಇಶ್ಯೂ ಮಾಡಲು, ಅಂದರೆ ಪುಕ್ಕಟೆ ಕೊಡಲು, 11.70 ಲಕ್ಷ ಸೆಟ್‌ಗಳ ಖರೀದಿಯನ್ನು 2022ರಲ್ಲೇ ಪ್ರಕಟಿಸಿದ್ದರು. ವಿನ್ಯಾಸ ಚೆನ್ನಾಗಿದೆ ಎಂದು ನಾನೂ ಒಪ್ಪುತ್ತೇನೆ. ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸುವ ಗೋಜಿಲ್ಲ, ಬೆಲ್ಟ್ ಒಳಗೇ ಇರುತ್ತದೆ.

ತೊಂದರೆ ಶುರುವಾಗುವುದು ಇಶ್ಯೂ ಆದದ್ದು ಮೈಗೆ ಕೂರದಿದ್ದಾಗ. ಭುಜ ಸರಿಯಾದರೆ ಹೊಟ್ಟೆಯ ಬಳಿ ದೊಗಲೆ, ಸೊಂಟ ಸರಿಯಾದರೆ ಕಾಲು ಗಿಡ್ಡ. ದರ್ಜಿಯ ಹತ್ತಿರ ಬಿಚ್ಚಿ ಹೊಲಿಸಲೇಬೇಕು. ಜೊತೆಗೆ ಒಂದು ಮೈಮೇಲೆ, ಒಂದು ಬಕೆಟಿನಲ್ಲಿ, ಒಂದು ತಪಾಸಣೆಗೆಂದು ಗೂಟಕ್ಕೆ. ಪುಣೆಯ ಮಳೆಗಾಲದಲ್ಲಿ ಗಂಜಿ ಹಾಕಿದ ಅಂಗಿ ಒಣಗುವುದರೊಳಗೆ ಮುಗ್ಗುಲು ವಾಸನೆ ಹಿಡಿಯುತ್ತದೆ, ಆಗ ನಾಲ್ಕನೆಯದೂ ಬೇಕಾಗುತ್ತದೆ. ಈ ಹೆಚ್ಚಿನವನ್ನೆಲ್ಲ ಹುಡುಕಿಕೊಂಡು ಹೋಗುವುದು ಹೊರಗಿನ ಅಂಗಡಿಗಳಿಗೆ.

ಅಲ್ಲಿ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಬಟ್ಟೆಯೂ ಒಂದೇ ಹಸಿರು. ಬಿಸಿಲಿಗೆ ತಂದರೆ ಒಂದು ನೀಲಿಗೆ ತಿರುಗುತ್ತದೆ, ಇನ್ನೊಂದು ಮಣ್ಣಿನ ಬಣ್ಣಕ್ಕೆ. ನಾನು ಮೊದಲು ಮಾಡುವ ಕೆಲಸ ಬಿಳಿ ಕರವಸ್ತ್ರದ ತುದಿಯನ್ನು ಒದ್ದೆ ಮಾಡಿ ಬಟ್ಟೆಯ ಮೇಲೆ ಗಟ್ಟಿಯಾಗಿ ಉಜ್ಜುವುದು. ಬಣ್ಣ ಹತ್ತಿದರೆ ಅಂಗಡಿಯವನ ಮಾತು ಕೇಳುವ ಅಗತ್ಯವೇ ಇಲ್ಲ. ಆಮೇಲೆ ಅಂಚಿನಿಂದ ಒಂದೆರಡು ಎಳೆ ಕಿತ್ತು, ಹೊರಗೆ ಬಂದು ಕಡ್ಡಿ ಗೀರುತ್ತೇನೆ. ಹತ್ತಿ ಹೆಚ್ಚಿದ್ದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬಹುಪಾಲು ಬೆರಳಿನಲ್ಲಿ ಪುಡಿಯಾಗುತ್ತದೆ. ಬರೀ ಪಾಲಿಯೆಸ್ಟರ್ ಆಗಿದ್ದರೆ ಎಳೆ ಮುದುಡಿ, ಸಾಸಿವೆಯಂಥ ಗಟ್ಟಿ ಕರಿ ಗುಂಡಾಗುತ್ತದೆ, ಉಗುರಿನಿಂದಲೂ ಒಡೆಯುವುದಿಲ್ಲ. ಅಂಥದ್ದನ್ನು ತೊಟ್ಟು ಮೇ ತಿಂಗಳಲ್ಲಿ ಮೈದಾನದಲ್ಲಿ ನಿಂತವರ ಬೆನ್ನು ನೋಡಿದರೆ ನಿಮಗೆ ಗೊತ್ತಾಗುತ್ತದೆ, ಬೆವರುಸಾಲೆಗೆ ಪೌಡರ್ ಹಚ್ಚುವುದು ನಮ್ಮ ಪಾಲಿಗೇ ಬರುತ್ತದಲ್ಲ. ಇಸ್ತ್ರಿ ಸ್ವಲ್ಪ ಬಿಸಿ ಹೆಚ್ಚಾದರೂ ಜೇಬಿನ ಅಂಚು ಮಿರಮಿರ ಹೊಳೆಯತೊಡಗುತ್ತದೆ, ಆ ಹೊಳಪನ್ನು ತೆಗೆಯುವ ಉಪಾಯ ಯಾರಿಗೂ ತಿಳಿದಿಲ್ಲ. ಮೇಲೊಂದು ತೆಳು ಹತ್ತಿ ಬಟ್ಟೆ ಹಾಸಿಯೇ ಇಸ್ತ್ರಿ ಮಾಡಿ.

ಬಟ್ಟೆ ಕೊಂಡು ಹೊಲಿಸುವುದಾದರೆ, ಅಂಗಿ ಮತ್ತು ಪ್ಯಾಂಟನ್ನು ಒಂದೇ ಥಾನಿನಿಂದ ಕತ್ತರಿಸಲು ಹೇಳಿ, ಕತ್ತರಿ ಹಾಕುವಾಗ ಎದುರಿಗೇ ನಿಂತಿರಿ. ಬೇರೆ ಬೇರೆ ಥಾನಿನದಾದರೆ ಕೆಲವೇ ಒಗೆತಕ್ಕೆ ಅಂಗಿ ಬಿಳಿಚಿಕೊಳ್ಳುತ್ತದೆ, ಪ್ಯಾಂಟು ಹೊಸದರಂತೆ ಉಳಿಯುತ್ತದೆ. ಆಗ ಪ್ಯಾಂಟು ಚೆನ್ನಾಗಿದ್ದರೂ ಎರಡನ್ನೂ ಮೂಲೆಗೆ ಹಾಕಬೇಕು. ಹೊಲಿಸುವ ಮುನ್ನ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ ಕೊಡಿ. ಕುಗ್ಗುವುದೆಲ್ಲ ಅಲ್ಲಿಯೇ ಕುಗ್ಗಲಿ.

ಇನ್ನು ಬಿಡಿ ಸಾಮಾನು. ಬೆರೆ ಎಂಬ ಮೆತ್ತನೆಯ ದುಂಡು ಟೋಪಿ, ಅದರ ಬ್ಯಾಡ್ಜ್, ಭುಜಕ್ಕೆ ಹಾಕುವ ಹೆಣೆದ ಹುರಿ ಅಂದರೆ ಲ್ಯಾನ್ಯಾರ್ಡ್, ನೇಮ್‌ಪ್ಲೇಟ್, ಪದಕದ ರಿಬ್ಬನ್, ದರ್ಜೆ ತೋರಿಸುವ ತೋಳಿನ ಪಟ್ಟಿ, ಯಾವ ಸೇನಾ ವಿಭಾಗದವರೆಂದು ತೋರಿಸುವ ಫಾರ್ಮೇಶನ್ ಚಿಹ್ನೆ. ಒಂದೊಂದರ ಬೆಲೆ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಬಡ್ತಿ ಬಂದರೆ ಇದ್ದಬದ್ದ ಅಂಗಿಗಳ ಪಟ್ಟಿಯೆಲ್ಲ ಬದಲಾಗಬೇಕು, ವರ್ಗವಾದರೆ ಫಾರ್ಮೇಶನ್ ಚಿಹ್ನೆಗಳೆಲ್ಲ. ಹಳೆಯದನ್ನು ಬಿಚ್ಚಿದ ಜಾಗದಲ್ಲಿ ಬಣ್ಣ ಮಾಸದ ಗಾಢ ಕಲೆ ಉಳಿದಿರುತ್ತದೆ, ಹೊಸದು ಒಂದು ನೂಲು ಚಿಕ್ಕದಿದ್ದರೂ ಸುತ್ತ ಗೆರೆ ಕಾಣುತ್ತದೆ. 2023ರ ಆಗಸ್ಟ್ 1ರಿಂದ ಬ್ರಿಗೇಡಿಯರ್ ಮತ್ತು ಮೇಲಿನವರಿಗೆಲ್ಲ ಒಂದೇ ಬಗೆಯ ಯೂನಿಫಾರ್ಮ್, ಲ್ಯಾನ್ಯಾರ್ಡ್ ಕೂಡ ಇಲ್ಲ. ಖರ್ಚು ಕಡಿಮೆಯಾಗುವ ಭಾಗ್ಯ ಮೇಲಿನಿಂದ ಶುರುವಾಗಿದೆ, ಇಳಿದು ನಮ್ಮವರೆಗೆ ಬರಲಿ ಎಂದು ಕಾಯುತ್ತಿದ್ದೇವೆ.

ಸಿಯಾಚಿನ್‌ನಂಥ ಕಡೆಗೆ ವಿಶೇಷ ಉಡುಪನ್ನು ಸೇನೆಯೇ ಕೊಡುತ್ತದೆ, ಅದಕ್ಕೆ ನೀವು ಅಂಗಡಿ ಅಲೆಯಬೇಕಾಗಿಲ್ಲ. ಎತ್ತರದ ಪ್ರದೇಶದವರಿಗೆ ಹಳೆಯ ಮಾದರಿಯ ಮುಖವಾಡ, ಜಾಕೆಟ್, ಮಲಗುವ ಚೀಲ ಕೊಳ್ಳಲಾಗಿತ್ತು ಎಂದು 2020ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಬಂದ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಹೇಳಿತ್ತು. ಅದನ್ನು ಓದಿದ ಮೇಲೆ ಇಸ್ತ್ರಿಯ ಹೊಳಪಿಗೆ ಕೊರಗುವ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಸ್ವಲ್ಪ ಹೊತ್ತು ಮಾತ್ರ.

ಕೊನೆಗೆ, ನೀವು ಕೇಳದಿದ್ದರೂ ಹೇಳಬೇಕಾದ ಒಂದು ವಿಷಯ. ಪುಣೆಯಲ್ಲಿ ಹಳೆಯ ಬಟ್ಟೆ ಪಡೆದು ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಬಾಗಿಲಿಗೇ ಬರುತ್ತಾರೆ. ಸೀರೆ, ಪ್ಯಾಂಟು ಕೊಟ್ಟು ಡಬ್ಬಿ ತೆಗೆದುಕೊಳ್ಳಿ, ಯೂನಿಫಾರ್ಮನ್ನು ಮಾತ್ರ ಎಂದಿಗೂ ಕೊಡಬೇಡಿ. 2016ರಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದವರು ಸೇನೆಯ ಉಡುಪಿನಲ್ಲೇ ಬಂದಿದ್ದರು. ಅದಾದ ಮೇಲೆ ಕಾಂಬ್ಯಾಟ್ ಬಟ್ಟೆಯನ್ನು ನಾಗರಿಕರು ತೊಡಬಾರದು, ಅಂಗಡಿಗಳು ಅವರಿಗೆ ಮಾರಬಾರದು ಎಂದು ಸೇನೆ ಕೇಳಿಕೊಂಡಿತು. ಸೈನಿಕನಲ್ಲದವನು ಸೈನಿಕನೆಂದು ನಂಬಿಸಲು ಆ ಉಡುಪು ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಮೂರು ತಿಂಗಳವರೆಗೆ ಸೆರೆವಾಸ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಾನು ಪಟ್ಟಿ, ಚಿಹ್ನೆ, ಗುಂಡಿಗಳನ್ನು ಬಿಚ್ಚಿಟ್ಟುಕೊಂಡು ಬಟ್ಟೆಯನ್ನು ಚಿಂದಿಯಾಗಿ ಕತ್ತರಿಸುತ್ತೇನೆ. ಬೂಟಿಗೆ ಪಾಲಿಶ್ ಹಚ್ಚಲು ಹತ್ತಿ ಹೆಚ್ಚಿರುವ ಬಟ್ಟೆಯ ಚಿಂದಿಯೇ ಒಳ್ಳೆಯದು, ಪಾಲಿಯೆಸ್ಟರಿನದು ಅದಕ್ಕೂ ಬರುವುದಿಲ್ಲ.