ಲಕ್ಷ ರೂಪಾಯಿಯ ಫೋರ್ಕ್ ಮತ್ತು ಚಕ್ಕಡಿ ದಾರಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಧಾರವಾಡದವನು. ವಯಸ್ಸು 41, ತೂಕ 74 ಕೆ.ಜಿ. ನಾಲ್ಕು ವರ್ಷಗಳ ಹಿಂದೆ ಕೊಂಡ, 29 ಇಂಚಿನ ಗಾಲಿಗಳಿರುವ, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್ ನನ್ನ ಬಳಿ ಇದೆ. ವಾರದಲ್ಲಿ ನಾಲ್ಕು ದಿನ ಬೆಳಿಗ್ಗೆ ಕೆಲಗೇರಿ ಕೆರೆಯ ಕಡೆಗೆ ಹೋಗಿ ಬರುತ್ತೇನೆ; ರವಿವಾರ ಕಲಘಟಗಿ ದಿಕ್ಕಿನ ಚಕ್ಕಡಿ ದಾರಿಗಳಲ್ಲಿ ಮೂರು ತಾಸು ತುಳಿಯುತ್ತೇನೆ. ಈಗಿರುವ ಸ್ಪ್ರಿಂಗ್ ಫೋರ್ಕಿನಿಂದಾಗಿ (ಮುಂಗಾಲಿಯನ್ನು ಹಿಡಿದು ಧಕ್ಕೆ ನುಂಗುವ ಕವಲು) ಕಡಿ ಹಾಕಿದ ರಸ್ತೆಯಲ್ಲಿ ಕೈಗಳು ಜೋಮು ಹಿಡಿಯುತ್ತವೆ. ಅಮೆರಿಕದಲ್ಲಿರುವ ನನ್ನ ಭಾವಮೈದುನ ದೀಪಾವಳಿಗೆ ಊರಿಗೆ ಬರುವವನಿದ್ದು, ಫಾಕ್ಸ್ 36 ಫ್ಯಾಕ್ಟರಿ, ಫಾಕ್ಸ್ 34 ಫ್ಯಾಕ್ಟರಿ, ರಾಕ್‌ಶಾಕ್ಸ್ ಪೈಕ್ ಅಲ್ಟಿಮೇಟ್ ಈ ಮೂರು ಫೋರ್ಕುಗಳಲ್ಲಿ ನಾನು ಹೇಳಿದ್ದನ್ನು ತರುವುದಾಗಿ ತಿಳಿಸಿದ್ದಾನೆ. ಯಾವುದನ್ನು ಹೇಳಲಿ?

ಉತ್ತರ: ಭಾವಮೈದುನರಿಗೆ ಹೆಸರು ಹೇಳುವುದು ಕಡೆಯ ಕೆಲಸ. ಅದಕ್ಕೂ ಮೊದಲು ತಾವು ಅಳತೆಪಟ್ಟಿಯೊಂದನ್ನು ಹಿಡಿದು ಸೈಕಲ್ಲಿನ ಎದುರು ಹತ್ತು ನಿಮಿಷ ಕೂಡಬೇಕು. ಏಕೆಂದರೆ ತಾವು ಬರೆದ ಮೂರು ಫೋರ್ಕುಗಳೂ ಉತ್ತಮವೇ ಆಗಿದ್ದರೂ, ಮೂರರಲ್ಲಿ ಒಂದೂ ತಮ್ಮ ಸೈಕಲ್ಲಿಗೆ ಹೊಂದದಿರುವ ಸಂಭವವೇ ಹೆಚ್ಚು.

ಫೋರ್ಕಿನ ತಲೆಯಿಂದ ಮೇಲೆದ್ದು, ಫ್ರೇಮಿನ ಕೊರಳಿನೊಳಗೆ ಹಾಯ್ದು, ಹ್ಯಾಂಡಲ್ಲನ್ನು ಹಿಡಿಯುವ ಕೊಳವೆಗೆ ಸ್ಟೀರರ್ ಎನ್ನುತ್ತಾರೆ. ಸ್ಪ್ರಿಂಗ್ ಫೋರ್ಕ್ ಹಾಕಿ ಮಾರುವ ಸೈಕಲ್ಲುಗಳಲ್ಲಿ ಇದು ಮೇಲಿನಿಂದ ಕೆಳಗಿನವರೆಗೆ 28.6 ಮಿ.ಮೀ. ದಪ್ಪದ ನೇರ ಕೊಳವೆಯಾಗಿರುವುದೇ ಹೆಚ್ಚು. ತಾವು ಹೆಸರಿಸಿದ ಫೋರ್ಕುಗಳ ಸ್ಟೀರರ್ ಮೇಲ್ತುದಿಯಲ್ಲಿ ಅಷ್ಟೇ ದಪ್ಪವಿದ್ದು, ಕೆಳಗೆ ಬರುತ್ತ ಒಂದೂವರೆ ಇಂಚಿಗೆ ಅಗಲವಾಗುತ್ತದೆ. ಫ್ರೇಮಿನ ಕೊರಳಿನ ಒಳವ್ಯಾಸ ಉದ್ದಕ್ಕೂ 44 ಮಿ.ಮೀ. ಇದ್ದರೆ, ಕೆಳಗೆ ಹೊರಬಟ್ಟಲಿನ ಬೇರಿಂಗ್ ಕೂಡಿಸಿ ಇಂಥ ಸ್ಟೀರರನ್ನು ಹೊಂದಿಸಬಹುದು, 34 ಮಿ.ಮೀ. ಇದ್ದರೆ ಯಾವ ಮೆಕ್ಯಾನಿಕ್ ಬಂದರೂ ಆಗದ ಕೆಲಸ. ಎರಡನೆಯದು ಗಾಲಿ. ತಮ್ಮ ಮುಂಗಾಲಿಯನ್ನು ಸನ್ನೆ ಎತ್ತಿ ಬಿಚ್ಚುವಂತಿದ್ದರೆ ಅದರ ಹಬ್ (ಗಾಲಿಯ ನಡುವಿನ ಗುಂಭ) 100 ಮಿ.ಮೀ. ಅಗಲದ್ದು, 9 ಮಿ.ಮೀ. ತುದಿಗಳದ್ದು ಆಗಿರುತ್ತದೆ. ಈಗಿನ ಮೇಲ್ದರ್ಜೆಯ ಫೋರ್ಕುಗಳು ಕೇಳುವುದು 110 ಮಿ.ಮೀ. ಅಗಲದ, 15 ಮಿ.ಮೀ. ದಪ್ಪದ ಅಚ್ಚು ತೂರುವ ಬೂಸ್ಟ್ ಹಬ್ಬನ್ನು. ಅಂದರೆ ಫೋರ್ಕಿನ ಜೊತೆಗೆ ಹೊಸ ಗಾಲಿಯ ಖರ್ಚನ್ನೂ ಬರೆದುಕೊಳ್ಳಬೇಕು.

ಮೂರನೆಯ ಅಳತೆಯೇ ಎಲ್ಲಕ್ಕಿಂತ ಮುಖ್ಯವಾದದ್ದು, ಮತ್ತು ಬಹಳ ಜನ ಕಡೆಗಣಿಸುವುದೂ ಅದನ್ನೇ. ಫೋರ್ಕ್ ಎಷ್ಟು ಉದ್ದ ಕುಸಿಯಬಲ್ಲದೋ ಅದಕ್ಕೆ ಟ್ರಾವೆಲ್ ಎಂದು ಹೆಸರು. ತಮ್ಮ ಫ್ರೇಮನ್ನು 100 ಮಿ.ಮೀ. ಟ್ರಾವೆಲ್ ಲೆಕ್ಕದಲ್ಲಿ ಕಟ್ಟಿರುವ ಸಾಧ್ಯತೆಯಿದೆ. ಫೋರ್ಕ್ 20 ಮಿ.ಮೀ. ಉದ್ದವಾದಂತೆಲ್ಲ ಫ್ರೇಮಿನ ಕೊರಳು ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ; 140 ಮಿ.ಮೀ. ಫೋರ್ಕ್ ಹಾಕಿದರೆ ಎರಡು ಡಿಗ್ರಿಯಷ್ಟು ವಾಲಿ, ಹ್ಯಾಂಡಲ್ ಮೇಲೇರಿ, ದಿನ್ನೆ ಹತ್ತುವಾಗ ಮುಂಗಾಲಿ ಅತ್ತಿತ್ತ ಅಲೆಯತೊಡಗುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಉದ್ದದ ಫೋರ್ಕ್ ಉದ್ದದ ಸನ್ನೆಗೋಲಿನಂತೆ ಫ್ರೇಮಿನ ಕೊರಳನ್ನು ಮೀಟುತ್ತದೆ. ಆ ಬೆಸುಗೆಗಳನ್ನು ಅಷ್ಟು ಒತ್ತಡಕ್ಕೆ ಹಾಕಿರುವುದಿಲ್ಲ.

ಹೀಗೆ ನೋಡಿದಾಗ ಫಾಕ್ಸ್ 36 ಮೊದಲೇ ಹೊರಬೀಳುತ್ತದೆ. ಫಾಕ್ಸ್ ಫೋರ್ಕುಗಳ ಹೆಸರಿನಲ್ಲಿರುವ ಅಂಕಿ, ಕೆಳಗಿನ ಕಾಲುಗಳೊಳಗೆ ಜಾರುವ ಮೇಲಿನ ಕೊಳವೆಯ ದಪ್ಪವನ್ನು ಮಿಲಿಮೀಟರಿನಲ್ಲಿ ಹೇಳುತ್ತದೆ. ರಾಕ್‌ಶಾಕ್ಸ್ ಹೆಸರುಗಳಲ್ಲಿ ಅಂಥ ಸುಳಿವಿಲ್ಲ. ಪೈಕ್ ಮತ್ತು ಲಿರಿಕ್ ಎರಡೂ 35 ಮಿ.ಮೀ., ಝೆಬ್ 38 ಮಿ.ಮೀ. ಕೊಳವೆ ದಪ್ಪವಾದಷ್ಟೂ ಫೋರ್ಕ್ ಬಾಗದೆ ನೇರ ನಿಲ್ಲುತ್ತದೆ, ತೂಕವೂ ಏರುತ್ತದೆ. 36 ಎಂಬುದು ಎರಡೂ ಕಡೆ ಸಸ್ಪೆನ್ಷನ್ ಇರುವ, ಬಂಡೆಯಿಂದ ಹಾರಿ ಇಳಿಯುವ ಸೈಕಲ್ಲುಗಳ ಫೋರ್ಕ್. ಕಲಘಟಗಿಯ ಚಕ್ಕಡಿ ದಾರಿಯಲ್ಲಿ ಅದರ ಬಲದ ಅರ್ಧವೂ ಕೆಲಸಕ್ಕೆ ಬರುವುದಿಲ್ಲ. ಅದರ ಮೇಲ್ದರ್ಜೆಯ ಗ್ರಿಪ್2, ಗ್ರಿಪ್ ಎಕ್ಸ್2 ಡ್ಯಾಂಪರುಗಳಲ್ಲಿ (ಫೋರ್ಕ್ ಕುಸಿಯುವ, ಮರಳುವ ವೇಗವನ್ನು ಹದಗೊಳಿಸುವ ಭಾಗ) ಕುಸಿತಕ್ಕೆ ಎರಡು, ಮರಳುವ ವೇಗಕ್ಕೆ ಎರಡು, ಹೀಗೆ ಕೈಯಿಂದ ತಿರುಗಿಸಿ ಹೊಂದಿಸುವ ನಾಲ್ಕು ತಿರುವುಗಳಿವೆ. ನಾಲ್ಕನ್ನೂ ಅರ್ಥಮಾಡಿಕೊಂಡು ಹೊಂದಿಸಿಕೊಂಡ ಸವಾರನಿಗೆ ಅದು ವರ. ಅಂದಾಜಿನ ಮೇಲೆ ತಿರುವಿದವನಿಗೆ ಆ ಫೋರ್ಕ್ ಸಾಧಾರಣ ಫೋರ್ಕಿಗಿಂತಲೂ ಕೆಟ್ಟದಾಗಿ ನಡೆಯುತ್ತದೆ.

ಉಳಿದದ್ದು 34 ಮತ್ತು ಪೈಕ್. ಇವೆರಡರ ನಡುವೆ ತೂಕದಲ್ಲಾಗಲಿ ಗಟ್ಟಿತನದಲ್ಲಾಗಲಿ ತಾವು ಗುರುತಿಸುವಷ್ಟು ಅಂತರವಿಲ್ಲ. ಎರಡೂ ಎರಡು ಕೆ.ಜಿ.ಗಿಂತ ತುಸು ಕಡಿಮೆಯವು. 120 ಮಿ.ಮೀ. ಟ್ರಾವೆಲ್ಲಿನ ಪೈಕ್ ಸಿಗುತ್ತದೆ, ಮತ್ತು ತಮ್ಮ ಫ್ರೇಮ್ 120 ಮಿ.ಮೀ. ಒಪ್ಪುವುದಾದರೆ ತಾವು ಬರೆದ ಮೂರರಲ್ಲಿ ಅದನ್ನೇ ನಾನು ಮುಂದಿಡುತ್ತೇನೆ. ಅದಕ್ಕೆ ಎರಡು ಕಾರಣಗಳು. ಅದರ ಚಾರ್ಜರ್ ಡ್ಯಾಂಪರಿನಲ್ಲಿ ನಿಧಾನದ ಕುಸಿತಕ್ಕೊಂದು, ವೇಗದ ಕುಸಿತಕ್ಕೊಂದು ಪ್ರತ್ಯೇಕ ತಿರುವು ಇದ್ದು, ಒಂದನ್ನು ತಿರುವಿದರೆ ಇನ್ನೊಂದು ಕೆಡುವುದಿಲ್ಲ. ಮರಳುವ ವೇಗಕ್ಕೆ ಒಂದೇ ತಿರುವು. ಇನ್ನು ಅಲ್ಟಿಮೇಟ್ ದರ್ಜೆಯಲ್ಲಿ ಕೊಳವೆಯೊಳಗಿನ ದಂಡಗಳ ಬುಡಕ್ಕೆ ಬಟರ್‌ಕಪ್ ಎಂಬ ರಬ್ಬರ್ ಬಿಲ್ಲೆಗಳನ್ನು ಕೂಡಿಸಿರುತ್ತಾರೆ. ದೊಡ್ಡ ತಗ್ಗಿಗೆ ಅವು ಏನೂ ಮಾಡವು, ಆದರೆ ಕಡಿ ರಸ್ತೆಯ ಸಣ್ಣ, ಬಿಡುವಿಲ್ಲದ ನಡುಕವನ್ನು ಕೈಗೆ ಬರುವ ಮೊದಲೇ ತಡೆಯಲೆಂದೇ ಅವನ್ನು ಇಟ್ಟಿರುವುದು. ತಮ್ಮ ದೂರು ಅದೇ ನಡುಕದ ಬಗ್ಗೆ ಅಲ್ಲವೇ? ಫಾಕ್ಸಿನ ಕಡೆಗೇ ಮನಸ್ಸು ಎಳೆಯುತ್ತಿದ್ದರೆ, ಫ್ಯಾಕ್ಟರಿ ದರ್ಜೆಯ ಹೊಂಬಣ್ಣದ ಕಾಶಿಮಾ ಲೇಪಕ್ಕೆ ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಪರ್ಫಾರ್ಮೆನ್ಸ್ ಎಲೀಟ್ ಎಂಬ ದರ್ಜೆಯಲ್ಲಿ ಒಳಗಿನ ಯಂತ್ರ ಅದೇ, ಮೇಲಿನ ಕೊಳವೆಯ ಬಣ್ಣ ಮಾತ್ರ ಕಪ್ಪು.

ಅಮೆರಿಕದ ಅಂಗಡಿಯಲ್ಲೇ ಈ ದರ್ಜೆಯ ಫೋರ್ಕುಗಳ ಬೆಲೆ ಸಾವಿರ ಡಾಲರಿನ ಆಸುಪಾಸು. ಗಾಲಿ, ಬೇರಿಂಗ್ ಸೇರಿದರೆ ಲಕ್ಷ ದಾಟುವುದು ಕಷ್ಟವಲ್ಲ, ಮತ್ತು ತಮ್ಮ ಇಡೀ ಸೈಕಲ್ಲಿನ ಬೆಲೆ ಅದರ ಅರ್ಧವೂ ಇರಲಿಕ್ಕಿಲ್ಲ. ಹಾಗಾಗಿ ಕೇಳದೆ ಇದ್ದರೂ ಒಂದು ಮಾತು ಹೇಳುತ್ತೇನೆ. ಫ್ರೇಮ್ 120 ಮಿ.ಮೀ. ಮತ್ತು ಅಗಲ ಸ್ಟೀರರ್ ಎರಡನ್ನೂ ಒಪ್ಪಿದರೆ ಮಾರ್ಝೋಕಿ ಬಾಂಬರ್ ಝಡ್2 ಕಡೆಗೆ ನೋಡಿರಿ. 2015ರಲ್ಲಿ ಮಾರ್ಝೋಕಿಯನ್ನು ಫಾಕ್ಸ್ ಕೊಂಡುಕೊಂಡಿತು. ಝಡ್2ದಲ್ಲಿ 34 ಮಿ.ಮೀ. ಕೊಳವೆಗಳೂ ತಿರುವುಗಳು ಕಡಿಮೆ ಇರುವ ಸರಳ ಡ್ಯಾಂಪರೂ ಇದ್ದು, ಬೆಲೆ ಬಹಳ ಕೆಳಗಿದೆ. ಫ್ರೇಮ್ ನೇರ ಸ್ಟೀರರಿನದಾದರೆ ಮೇಲ್ದರ್ಜೆಯ ಆಸೆ ಬಿಟ್ಟು, ರಾಕ್‌ಶಾಕ್ಸ್ ಜೂಡಿ ಸಿಲ್ವರ್ ಅಥವಾ ರೀಕಾನ್ ಸಿಲ್ವರಿನ ಗಾಳಿ ಸ್ಪ್ರಿಂಗಿನ ಮಾದರಿಯನ್ನು ಹಾಕಿಸಿಕೊಳ್ಳಿರಿ. ಉಕ್ಕಿನ ಸ್ಪ್ರಿಂಗಿನಿಂದ ಗಾಳಿ ಸ್ಪ್ರಿಂಗಿಗೆ ಹೋದಾಗ ಆಗುವ ಬದಲಾವಣೆ, ಮಧ್ಯಮ ಗಾಳಿ ಫೋರ್ಕಿನಿಂದ ಲಕ್ಷದ ಫೋರ್ಕಿಗೆ ಹೋದಾಗ ಆಗುವ ಬದಲಾವಣೆಗಿಂತ ದೊಡ್ಡದು. ತಮ್ಮ 74 ಕೆ.ಜಿ.ಗೆ ತಕ್ಕಂತೆ ಬಿಗಿಯನ್ನು ಪಂಪಿನಿಂದಲೇ ಹೊಂದಿಸಬಹುದು ಎಂಬುದೊಂದೇ ಸಾಕು.

ಇದೆಲ್ಲಕ್ಕೂ ಮೊದಲು, ನಾಳೆ ಬೆಳಿಗ್ಗೆಯೇ, ಟೈರಿನ ಗಾಳಿಯನ್ನು ಅಳೆಯಿರಿ. ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನಂತಾಗುವವರೆಗೆ ತುಂಬಿಸುವುದು ನಮ್ಮ ಕಡೆಯ ವಾಡಿಕೆ. ಎರಡು ಇಂಚಿಗೂ ಮೀರಿದ ಅಗಲದ ಟೈರಿನಲ್ಲಿ 50 ಪಿ.ಎಸ್.ಐ. ಇದ್ದರೆ ಅದನ್ನು 30ಕ್ಕೆ ಇಳಿಸಿ ಒಂದು ರವಿವಾರ ತುಳಿದು ನೋಡಿರಿ. ಜೋಮಿನ ಒಂದು ಪಾಲು ಅಲ್ಲೇ ಇಳಿಯುತ್ತದೆ, ಖರ್ಚಿಲ್ಲದೆ. ಭಾವಮೈದುನರು ಏನನ್ನೇ ತರಲಿ, ಅದೇ ಮಾದರಿಯ ಎರಡು ಸೀಲ್ ಕಿಟ್ಟುಗಳನ್ನೂ (ಎಣ್ಣೆ ಸೋರದಂತೆ, ಮಣ್ಣು ಒಳಹೋಗದಂತೆ ತಡೆಯುವ ಉಂಗುರಗಳು) ಫೋರ್ಕಿಗೆ ಗಾಳಿ ತುಂಬುವ ಒಂದು ಶಾಕ್ ಪಂಪನ್ನೂ ಜೊತೆಗೆ ತರುವಂತೆ ಹೇಳಿರಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಕಳೆದ ವರ್ಷ ಪೈಕ್ ಫೋರ್ಕ್ ಹಾಕಿಸಿದೆ. ಮಳೆಗಾಲವಿಡೀ ನೃಪತುಂಗ ಬೆಟ್ಟದ ಸುತ್ತ ಮತ್ತು ನವಲಗುಂದದ ಕಡೆಯ ಎರೆ ಹೊಲದ ದಾರಿಗಳಲ್ಲಿ ಓಡಿಸಿದ್ದೇನೆ. ಈಗ ಮೇಲಿನ ಕೊಳವೆಗಳ ಮೇಲೆ ಎಣ್ಣೆಯ ಉಂಗುರ ಮೂಡುತ್ತಿದೆ, ಕುಸಿತ ಮೊದಲಿನಷ್ಟು ನುಣುಪಾಗಿಲ್ಲ. ಮೋಟರ್ ಸೈಕಲ್ ಮೆಕ್ಯಾನಿಕ್ ಒಬ್ಬರು ಶಾಕಪ್ ಆಯಿಲ್ ತುಂಬಿಕೊಡುತ್ತೇನೆ ಎನ್ನುತ್ತಾರೆ. ತುಂಬಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಮೋಟರ್ ಸೈಕಲ್ಲಿನ ಮುಂಗಾಲುಗಳಲ್ಲಿ ನೂರಾರು ಮಿಲಿಲೀಟರ್ ಎಣ್ಣೆ ಇರುತ್ತದೆ. ತಮ್ಮ ಫೋರ್ಕಿನ ಕೆಳಗಾಲುಗಳಲ್ಲಿ ಇರುವುದು ಚಮಚದ ಲೆಕ್ಕದಲ್ಲಿ, ಅದೂ ಜಾರಿಕೆಗಾಗಿ ಮಾತ್ರ. ಕೆಳಗಾಲಿಗೆ ರಾಕ್‌ಶಾಕ್ಸ್ ಮಾದರಿಗೆ ತಕ್ಕ ಎಣ್ಣೆಯನ್ನೂ ಫಾಕ್ಸ್ ತನ್ನ ಹೆಚ್ಚಿನ ಮಾದರಿಗಳಿಗೆ 20 ತೂಕದ ಗೋಲ್ಡ್ ಎಣ್ಣೆಯನ್ನೂ ಹೇಳುತ್ತವೆ. ಅಳತೆ ಮೀರಿ ತುಂಬಿದರೆ ಒಳಗಿನ ಗಾಳಿಗೆ ಜಾಗವಿಲ್ಲದೆ ಫೋರ್ಕ್ ಅರ್ಧಕ್ಕೇ ಬಿಗಿಯಾಗುತ್ತದೆ, ಸೀಲುಗಳೂ ಹೊರಕ್ಕೆ ಉಬ್ಬುತ್ತವೆ.

ತಮ್ಮ ಫೋರ್ಕ್ ಕೆಟ್ಟಿಲ್ಲ, ಅದರ ಸರ್ವಿಸಿನ ಹೊತ್ತು ಮೀರಿದೆ. ರಾಕ್‌ಶಾಕ್ಸ್ ಕೆಳಗಾಲುಗಳನ್ನು 50 ತಾಸುಗಳ ಸವಾರಿಗೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಬದಲಿಸಬೇಕೆಂದು ಹೇಳುತ್ತದೆ. ಫಾಕ್ಸ್ 125 ತಾಸು ಅಥವಾ ವರ್ಷಕ್ಕೊಮ್ಮೆ ಎನ್ನುತ್ತದೆ. ವಾರಕ್ಕೆ ಆರು ತಾಸು ತುಳಿಯುವವರಿಗೆ 50 ತಾಸು ಎಂದರೆ ಎರಡೇ ತಿಂಗಳು. ಫೋರ್ಕ್ ಹೋಲಿಸುವಾಗ ಬೆಲೆಯ ಪಕ್ಕದಲ್ಲಿ ಈ ಅಂಕಿಯನ್ನೂ ಬರೆದಿಟ್ಟುಕೊಳ್ಳುವವರನ್ನು ನಾನು ಇನ್ನೂ ಕಂಡಿಲ್ಲ.

ನಮ್ಮ ಎರೆ ಮಣ್ಣಿನ ಗುಣವೇ ಬೇರೆ. ಪಶ್ಚಿಮದ ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ ಗಾಲಿ ಉರುಳಿದಂತೆ ರಾಡಿ ಉದುರಿಹೋಗುತ್ತದೆ. ಎರೆ ಮಣ್ಣು ಪದರ ಪದರವಾಗಿ ಟೈರಿಗೆ ಸುತ್ತಿ, ಫೋರ್ಕಿನ ಕಮಾನಿನಡಿ ಸಿಕ್ಕಿ, ಒಣಗಿದ ಮೇಲೆ ಹೆಂಚಿನಷ್ಟು ಗಟ್ಟಿಯಾಗುತ್ತದೆ. ಅದನ್ನು ಒಣಗಿದಾಗ ಕೋಲಿನಿಂದ ಕೆರೆಯಬಾರದು. ಒದ್ದೆ ಅರಿವೆಯನ್ನು ಸುತ್ತಿ ನೆನೆಸಿ, ಮೆತ್ತಗಾದ ಮೇಲೆ ಒರೆಸಬೇಕು. ಬೈಕ್ ತೊಳೆಯುವ ಅಂಗಡಿಯ ಒತ್ತಡದ ನೀರನ್ನು ಸೀಲಿನ ಅಂಚಿಗೆ ಹಿಡಿಸಿದರೆ ಮಣ್ಣು ನೇರವಾಗಿ ಒಳಗೇ ಹೋಗುತ್ತದೆ. ಆಗ ಒಳಗಿನ ಸ್ಪಂಜಿನ ಉಂಗುರಗಳು ಅರದಂತೆ ಕೊಳವೆಯ ಲೇಪವನ್ನು ತೇಯಲಾರಂಭಿಸುತ್ತವೆ. ಕೊಳವೆಯ ಮೇಲೆ ಉಗುರಿಗೆ ತಾಕುವ ಗೀರು ಈಗಾಗಲೇ ಬಿದ್ದಿದ್ದರೆ ಹೊಸ ಸೀಲ್ ಹಾಕಿದರೂ ಸೋರಿಕೆ ನಿಲ್ಲದು. ಬಿದ್ದಿಲ್ಲವಾದರೆ ಸೀಲು, ಸ್ಪಂಜು, ಎಣ್ಣೆ ಬದಲಿಸಿದ ದಿನವೇ ಮೊದಲಿನ ನುಣುಪು ಮರಳುತ್ತದೆ. ಸವಾರಿಗೆ ಮುನ್ನ ಸೈಕಲ್ಲನ್ನು ಐದು ನಿಮಿಷ ತಲೆಕೆಳಗಾಗಿ ನಿಲ್ಲಿಸಿದರೆ ಕೆಳಗಿನ ಎಣ್ಣೆ ಸ್ಪಂಜಿಗೆ ಇಳಿಯುತ್ತದೆ, ಇದು ಖರ್ಚಿಲ್ಲದ ಉಪಾಯ.

ಪ್ರಶ್ನೆ: ನಾನು ಗದುಗಿನ ಕಾಲೇಜು ವಿದ್ಯಾರ್ಥಿನಿ. ತೂಕ 52 ಕೆ.ಜಿ. 2021ರಲ್ಲಿ ನಮ್ಮೂರಿನಲ್ಲಿ ನಡೆದ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನೋಡಿದಂದಿನಿಂದ ಸ್ಪರ್ಧೆಯ ಆಸೆ ಹುಟ್ಟಿದೆ. ಸೋದರಮಾವನವರು ತಮ್ಮ 100 ಮಿ.ಮೀ. ಗಾಳಿ ಫೋರ್ಕಿನ ಸೈಕಲ್ ಕೊಟ್ಟಿದ್ದಾರೆ. ಎಷ್ಟೇ ಜೋರಾಗಿ ಇಳಿದರೂ ಫೋರ್ಕ್ 60 ಮಿ.ಮೀ. ದಾಟಿ ಕುಸಿಯುವುದಿಲ್ಲ. ಬೇರೆ ಫೋರ್ಕ್ ಬೇಕೇ?

ಉತ್ತರ: ನಿಮ್ಮ ಮಾವನವರು ತಮ್ಮ ತೂಕಕ್ಕೆ ತುಂಬಿಸಿದ ಗಾಳಿ ಅದರಲ್ಲಿ ಇನ್ನೂ ಹಾಗೆಯೇ ಇದೆಯೆಂದು ತೋರುತ್ತದೆ. ಹೆಲ್ಮೆಟ್ ಹಾಕಿ, ನೀರಿನ ಬಾಟಲಿ ಸಹಿತ ಸೈಕಲ್ ಏರಿ ನಿಂತಾಗ ಫೋರ್ಕ್ 15ರಿಂದ 20 ಮಿ.ಮೀ. ಇಳಿಯಬೇಕು, ಕೊಳವೆಯ ಮೇಲಿನ ರಬ್ಬರ್ ಉಂಗುರವನ್ನು ಸೀಲಿಗೆ ತಾಕಿಸಿ ಏರಿದರೆ ಅಳತೆ ತಾನೇ ಸಿಗುತ್ತದೆ. ಅಷ್ಟು ಇಳಿಯುವವರೆಗೆ ಐದೈದು ಪಿ.ಎಸ್.ಐ. ಕಡಿಮೆ ಮಾಡಿರಿ. ಗಾಳಿ ಇಳಿಸಿದ ಮೇಲೆ ಫೋರ್ಕ್ ನಿಧಾನವಾಗಿ ಮರಳುತ್ತದೆ, ಆದ್ದರಿಂದ ಕೆಳಗಿನ ಕೆಂಪು ತಿರುವನ್ನು ಎರಡು ಮೂರು ಕ್ಲಿಕ್ ಬಿಚ್ಚಬೇಕು. ಆಗಲೂ ಪೂರ್ತಿ ಕುಸಿಯದಿದ್ದರೆ, ಗಾಳಿಯನ್ನೆಲ್ಲ ಬಿಟ್ಟು ಮೇಲಿನ ಮುಚ್ಚಳ ತೆರೆಸಿರಿ. ಅದರಡಿ, ಗಾಳಿಯ ಜಾಗವನ್ನು ಕಿರಿದು ಮಾಡುವ ಪ್ಲಾಸ್ಟಿಕ್ ಟೋಕನ್ನುಗಳಿದ್ದರೆ ಒಂದನ್ನು ತೆಗೆಸಿರಿ. ಗದುಗಿನ ಬೇಸಿಗೆಯಲ್ಲಿ ಇನ್ನೊಂದು ಲೆಕ್ಕವೂ ಇದೆ: ಬೆಳಗಿನ 20 ಡಿಗ್ರಿಯಲ್ಲಿ 80 ಪಿ.ಎಸ್.ಐ. ತುಂಬಿದ ಫೋರ್ಕ್ ಮಧ್ಯಾಹ್ನದ 40 ಡಿಗ್ರಿಯಲ್ಲಿ 86ರ ಹತ್ತಿರ ಹೋಗುತ್ತದೆ. ಸವಾರಿಯ ಹೊತ್ತಿನಲ್ಲೇ ಅಳೆಯಿರಿ.

ಧಾರವಾಡದ ಓದುಗರಿಗೆ ದುಬಾರಿ ಫೋರ್ಕ್ ಬೇಡವೆಂದ ನಾನು ನಿಮಗೆ ಮಾತ್ರ ಮುಂದೆ ಬೇಕಾಗಬಹುದು ಎನ್ನುತ್ತೇನೆ. ಹಗುರ ಸವಾರರ ಭಾರಕ್ಕೆ ಸೀಲು ಮತ್ತು ಬುಷ್‌ಗಳ (ಕೊಳವೆ ಜಾರುವ ಒಳಬಳೆಗಳು) ಘರ್ಷಣೆಯೇ ದೊಡ್ಡ ಅಡ್ಡಿ. ಆ ಘರ್ಷಣೆ ಕಡಿಮೆ ಇರುವುದೇ ರಾಕ್‌ಶಾಕ್ಸ್ ಸಿಡ್ ಎಸ್‌ಎಲ್, ಫಾಕ್ಸ್ 32 ಸ್ಟೆಪ್-ಕಾಸ್ಟ್ ಮುಂತಾದ ಸ್ಪರ್ಧೆಯ ಫೋರ್ಕುಗಳ ನಿಜವಾದ ಗಳಿಕೆ. ಒಂದು ಹಂಗಾಮು ಈಗಿನದರಲ್ಲೇ ಓಡಿ, ಆಮೇಲೆ ವಿಚಾರ ಮಾಡಿರಿ. ಅಭ್ಯಾಸಕ್ಕೆ ಕಪ್ಪತಗುಡ್ಡದ ಕಡೆ ಹೋಗುವುದಾದರೆ, ಅದು 2019ರಿಂದ ವನ್ಯಜೀವಿ ಧಾಮವಾಗಿರುವುದರಿಂದ ಅರಣ್ಯ ಇಲಾಖೆಯನ್ನು ಕೇಳಿಯೇ ದಾರಿ ಆರಿಸಿಕೊಳ್ಳಬೇಕು.

ಪ್ರಶ್ನೆ: ಹಾವೇರಿಯವನು. ನನ್ನ ಹಳೆಯ 26 ಇಂಚಿನ ಸೈಕಲ್ಲಿಗೆ ಬಳಸಿದ ಫಾಕ್ಸ್ ಫೋರ್ಕ್ ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಲೇ?

ಉತ್ತರ: ಮಾರುವವರಿಂದ ಮೊದಲು ಸ್ಟೀರರಿನ ಉದ್ದವನ್ನು ಬರೆಸಿಕೊಳ್ಳಿರಿ. ಕತ್ತರಿಸಿದ ಸ್ಟೀರರನ್ನು ಉದ್ದ ಮಾಡಲು ಬರುವುದಿಲ್ಲ. ನಾನೇ ಒಮ್ಮೆ ಅಗ್ಗವೆಂದು ತರಿಸಿದ ಫೋರ್ಕಿನ ಸ್ಟೀರರ್ ಎರಡು ಬೆರಳು ಗಿಡ್ಡವಾಗಿದ್ದುದು ಜೋಡಿಸುವಾಗ ತಿಳಿಯಿತು. ಅದು ಇಂದಿಗೂ ಮನೆಯ ಅಟ್ಟದ ಮೇಲಿದೆ.